ಗಲ್ಲಾಕ್ಕೆ ಆಗದ ಮುಖ

ನಮ್ಮ ಮನೆಯಲ್ಲಿ ಕಾಮಾಲೆಗೆ ಮದ್ದೆಂದರೆ ರೈಲು. ನನ್ನ ಗಂಡನ ಕಣ್ಣು ಹಳದಿಯಾಯಿತೆಂದು ಗೊತ್ತಾದೊಡನೆ ದೊಡ್ಡ ಭಾವ ಸೀತಾರಾಮ ರಾಯರು ಹುಡುಕುತ್ತಿದ್ದದ್ದು ಡಾಕ್ಟರನ್ನಲ್ಲ, ಟೈಮ್ ಟೇಬಲನ್ನು. ಕೇಳಿ ನಗು ಬರುವವರು ನಗಲಿ. ನನಗೆ ಬರುವುದಿಲ್ಲ.

ಉಡುಪಿ ಕಡೆಯಿಂದ ಬಂದ ಮೂವರು ಅಣ್ಣತಮ್ಮಂದಿರಿಗೆ ಗುಜರಾತಿನಲ್ಲಿ ಮೂರು ಹೋಟೆಲು. ಅಹಮದಾಬಾದಿನ ರಿಲೀಫ್ ರೋಡಿನ ಪಕ್ಕದ ಸಂದಿಯಲ್ಲಿದ್ದದ್ದು ದೊಡ್ಡ ಭಾವನದು. ಬರೋಡಾದ್ದು ನನ್ನ ಗಂಡ ಭೀಮಸೇನರದು. ಸರ್ಕಾರ ಅದನ್ನು ವಡೋದರಾ ಎಂದರೂ ನಮ್ಮ ಬಾಯಿಗೆ ಅದು ಬರೋಡಾವೇ. ಸೂರತ್ ಸ್ಟೇಶನ್ನಿನ ಎದುರಿನದು ಕಿರಿಯವನಾದ ಶ್ರೀನಿವಾಸನದು. ಹೆಸರಿಗೆ ಮೂವರು ಯಜಮಾನರು. ಬಾಯಿ ಮಾತ್ರ ಒಂದೇ, ಅದು ದೊಡ್ಡ ಭಾವನದು. ಉಳಿದಿಬ್ಬರು ತಲೆಯಾಡಿಸಲಿಕ್ಕೆ ಹುಟ್ಟಿದವರು. ಅದರಲ್ಲೂ ನನ್ನ ಗಂಡನಿಗೆ ಭೀಮಸೇನ ಎಂದು ಹೆಸರಿಟ್ಟವರನ್ನು ಕರೆದು ಕೇಳಬೇಕು. ಅಣ್ಣನ ಎದುರು ನಿಂತರೆ ಇವರು ಗಾಳಿಗೆ ಒಣಹಾಕಿದ ಪಂಚೆ.

ನಮ್ಮವರ ಹೋಟೆಲಿನಲ್ಲಿ ಒಂದು ಪದ್ಧತಿಯಿದೆ. ಗಲ್ಲಾದಲ್ಲಿ ಯಜಮಾನನೇ ಕೂರಬೇಕು, ಬಾಗಿಲ ಹತ್ತಿರ, ಕೃಷ್ಣನ ಪಟದ ಕೆಳಗೆ, ಸ್ನಾನ ಮಾಡಿ ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು. ಒಳಗೆ ಅಡುಗೆಯವನು ಬೆವರೊರೆಸಿದ ಕೈಯಲ್ಲೇ ಹಿಟ್ಟು ಕಲಸಿದರೂ ಗಿರಾಕಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಗಲ್ಲಾದವನ ಮುಖ. ಆ ಮುಖ ಚೊಕ್ಕಟವಾಗಿದ್ದರೆ ಸಾಂಬಾರೂ ಚೊಕ್ಕಟ. ನನ್ನ ಗಂಡನಿಗೆ ಗಲ್ಲಾವೆಂದರೆ ಪ್ರಾಣ. ಚಿಲ್ಲರೆ ಕೊಡುತ್ತ ಒಬ್ಬೊಬ್ಬರ ಮಕ್ಕಳ ಪರೀಕ್ಷೆ, ತಾಯಿಯ ಕೆಮ್ಮು ಎಲ್ಲ ವಿಚಾರಿಸುತ್ತಿದ್ದರು. ಮನೆಯಲ್ಲಿ ಆಡದ ಮಾತೆಲ್ಲ ಅಲ್ಲಿ ಆಡುತ್ತಿದ್ದರು.

ಮೊದಲ ಸಲ ಬಂದದ್ದು ಅರವತ್ತನಾಲ್ಕರ ಮಳೆಗಾಲದಲ್ಲಿ. ಕೊಯಾಲಿಯಲ್ಲಿ ಎಣ್ಣೆ ಶುದ್ಧಿಯ ಕಾರ್ಖಾನೆ ಏಳುತ್ತಿದ್ದ ಕಾಲ. ಅಲ್ಲಿಗೆ ಬಂದ ತೆಂಕಣದ ಇಂಜಿನಿಯರುಗಳೆಲ್ಲ ಭಾನುವಾರ ನಮ್ಮಲ್ಲಿಗೇ ದೋಸೆಗೆ ಬರುತ್ತಿದ್ದರು. ಇವರಿಗೆ ಮೊದಲು ತುರಿಕೆ ಶುರುವಾಯಿತು. ಅಂಗೈ, ಅಂಗಾಲು, ಬೆನ್ನು. ಬಾಚಣಿಗೆಯಿಂದ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು, ಕಣ್ಣು ಅರಿಶಿನವಾಯಿತು. ನೋವಿಲ್ಲ, ಏನಿಲ್ಲ. ಮಾರನೆಯ ದಿನವೇ ದೊಡ್ಡ ಭಾವ ಗಾಡಿ ಹತ್ತಿ ಬಂದರು. ತಮ್ಮನ ಮುಖ ನೋಡಿದವರು ಮೊದಲು ಮಾಡಿದ ಕೆಲಸವೆಂದರೆ ಹೋಟೆಲಿನ ಕಡೆಯ ಕಿಟಕಿ ಮುಚ್ಚಿದ್ದು.

"ಈ ಮುಖ ಇಟ್ಕೊಂಡು ಗಲ್ಲಾದಲ್ಲಿ ಕೂತ್ರೆ ನಾಳೆಯಿಂದ ನಮ್ಮ ಇಡ್ಲಿ ನಾವೇ ತಿನ್ಬೇಕು ಮಾರಾಯ" ಎಂದರು.

ಅವರ ಹೆದರಿಕೆಗೆ ಕಾರಣ ಇರಲಿಲ್ಲವೆಂದಲ್ಲ. ಹಿಂದಿನ ವರ್ಷ ಇನ್ನೊಬ್ಬರ ಹೋಟೆಲಿನ ನೀರಿನಿಂದ ಕಾಮಾಲೆ ಬಂತೆಂದು ಯಾರೋ ಗುಲ್ಲೆಬ್ಬಿಸಿ, ಅವರು ಬಾಗಿಲು ಹಾಕಿ ಊರಿಗೆ ಹೋಗಿದ್ದರು. ಅದನ್ನೇ ಭಾವ ಮಂತ್ರದ ಹಾಗೆ ಹೇಳುತ್ತಿದ್ದರು. ಇವರನ್ನು ಅಂದೇ ಸೂರತ್ತಿಗೆ ಸಾಗಿಸಿದರು. ಬರೋಡಾದವರಿಗೆ "ಊರಿನಲ್ಲಿ ನಾಗದೇವರ ಕಾರ್ಯ" ಎಂದರು. ಸೂರತ್ತಿನಲ್ಲಿ ಶ್ರೀನಿವಾಸನಿಗೆ ಗುರುತಿದ್ದ ವೈದ್ಯನೊಬ್ಬ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟ. ಉಪ್ಪು ಬೇಡ, ಎಣ್ಣೆ ಬೇಡ ಎಂದ. ತಿಂಗಳೊಳಗೆ ಹಳದಿ ಇಳಿಯಿತು. ವೈದ್ಯನಿಗೆ ಶಾಲು ಹೊದಿಸಿದರು.

ಗುಣವಾದ ಮೇಲೆ ಇವರನ್ನು ಅಲ್ಲೇ ಸೂರತ್ತಿನ ಗಲ್ಲಾಕ್ಕೆ ಕೂರಿಸಿ, ಶ್ರೀನಿವಾಸನನ್ನು ಬರೋಡಾಕ್ಕೆ ಕಳಿಸಿದರು. ಗುಲ್ಲು ಆರಲಿ ಎಂದು. ಇಲ್ಲದ ಗುಲ್ಲು. ವರ್ಷ ತುಂಬಿರಲಿಲ್ಲ, ಮತ್ತೆ ತುರಿಕೆ, ಮತ್ತೆ ಹಳದಿ. ಈ ಸಲ ಸೂರತ್ತಿನವರಿಗೆ ಕಾಣಬಾರದಲ್ಲ, ಅಹಮದಾಬಾದಿಗೆ. ಅಲ್ಲಿ ಒಬ್ಬ ಡಾಕ್ಟರು ಗ್ಲೂಕೋಸ್ ಏರಿಸಿ, ಇಂಜೆಕ್ಷನ್ ಕೊಟ್ಟು, "ಇದು ಸೋಂಕು, ನೀರಿನಿಂದ ಬರುವುದು, ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ" ಎಂದರು. ಹಿಂದೆ ಬಂದಿತ್ತೇ ಎಂದು ಅವರು ಕೇಳಿದ್ದರು. ಇಲ್ಲ, ಇದೇ ಮೊದಲು ಎಂದು ಭಾವ ಹೇಳಿದ್ದರು. ಇವರೂ ತಲೆಯಾಡಿಸಿದ್ದರು. ಹೆಂಗಸರನ್ನು ಒಳಗೆ ಕರೆಯಲಿಲ್ಲ. ಮನೆಗೆ ಬಂದ ಮೇಲೆ ನಾನು ಕೇಳಿದೆ, ಡಾಕ್ಟರ ಹತ್ತಿರವೂ ಸುಳ್ಳೇ ಎಂದು.

"ನಿಂಗೆ ತಿಳಿಯುದಿಲ್ಲ" ಎಂದರು ಭಾವ. "ಒಂದ್ಸಲ ಬಂದ್ರೆ ನೀರು ಕೆಟ್ಟದ್ದು ಅಂತಾರೆ. ಎರಡನೇ ಸಲ ಬಂದ್ರೆ ಕುಡೀತಾನೆ ಅಂತಾರೆ. ಪಾನನಿಷೇಧದ ಈ ರಾಜ್ಯದಲ್ಲಿ ಕುಡಿಯುದು ಅಂದ್ರೆ ಪೊಲೀಸು. ಹೋಟೆಲಿನ ಹಿಂದಿನ ಕೋಣೆ ಹುಡುಕ್ಲಿಕ್ಕೆ ಬಂದ್ರೆ ನೀನು ನಿಂತು ಉತ್ತರ ಕೊಡ್ತೀಯಾ?"

ತೀರ್ಥವನ್ನು ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿದು ಕುಡಿಯದ ಮನುಷ್ಯ ನನ್ನ ಗಂಡ. ಆದರೂ ಆ ಮಾತು ಕೇಳಿ ಅವರು ನನ್ನ ಕಡೆ ನೋಡಿ, "ಅಣ್ಣ ಹೇಳುದು ಸರಿಯೇ ಅಲ್ವಾ" ಎಂದರು. ನನಗೆ ಮೈಯೆಲ್ಲ ಉರಿಯಿತು. ತಿಳಿದವರು ಹೇಳುತ್ತಾರೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು. ನಮ್ಮ ಮನೆಯಲ್ಲಿ ಕಾಮಾಲೆಯಾದದ್ದು ತಮ್ಮನಿಗೆ, ಹಳದಿ ಕಂಡದ್ದೆಲ್ಲ ಅಣ್ಣನಿಗೆ.

ಗುಣವಾಗಿ ಅಣ್ಣನ ಗಲ್ಲಾದಲ್ಲಿ ಕೂರತೊಡಗಿದ ಮೇಲೆ ಮೂರನೆಯ ಸಲ ಅಹಮದಾಬಾದಿನಲ್ಲೇ ಬಂತು, ಬರೋಡಾಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರಿಗೂ "ಇದೇ ಮೊದಲು". ಅವರೂ ಸೋಂಕೆಂದರು, ಅವರ ಮಾತ್ರೆಗೂ ಇಳಿಯಿತು. ಈಗ ಮೂರು ಊರುಗಳಲ್ಲಿ ಮೂವರು ತಮ್ಮ ತಮ್ಮ ಮದ್ದಿನಿಂದಲೇ ರೋಗ ಗುಣವಾಯಿತೆಂದು ನಂಬಿಕೊಂಡು ಸುಖವಾಗಿದ್ದರು. ಒಬ್ಬನ ಕೈಗೂ ಇವರು ಎರಡು ಸಲ ಸಿಗಲಿಲ್ಲ. ಸಿಕ್ಕಿದ್ದರೆ ಅವರಲ್ಲಿ ಯಾರಾದರೂ, ಆ ನೆಲನೆಲ್ಲಿಯ ವೈದ್ಯನಾದರೂ, ಇದೇನಪ್ಪಾ ಮತ್ತೆ ಬಂದೆ ಎಂದು ಕೇಳುತ್ತಿದ್ದ. ಅಷ್ಟು ಕೇಳುವವನೊಬ್ಬ ಸಾಕಾಗಿತ್ತು.

ಇವರು ತೆಳ್ಳಗಾಗುತ್ತ ಬಂದರು. ಷರಟಿನ ಕಾಲರಿನೊಳಗೆ ಕುತ್ತಿಗೆ ಆಡುತ್ತಿತ್ತು. ಬರೋಡಾದ ನಮ್ಮ ಮನೆಯ ಹತ್ತಿರ ಮೈಸೂರಿನ ಕಡೆಯ ಪಾರ್ವತಿ ಎಂಬವರಿದ್ದರು, ಗಂಡ ವಿಮಾ ಕಚೇರಿಯಲ್ಲಿ, ಅಹಮದಾಬಾದಿನಿಂದ ವರ್ಗವಾಗಿ ಬಂದವರು. ಅವರಿಗೆ ಹೋಟೆಲಿನ ಹಂಗಿರಲಿಲ್ಲ. ಆದ್ದರಿಂದ ಅವರ ಹತ್ತಿರ ನಾನು ಎಲ್ಲವನ್ನೂ ಹೇಳಿದೆ.

"ಸುಶೀಲಾ, ಕಾಮಾಲೆ ಹೀಗೆ ವರ್ಷ ವರ್ಷ ಬರೋದನ್ನ ನಾನು ಕೇಳೇ ಇಲ್ಲ ಕಣ್ರೀ" ಎಂದರು ಪಾರ್ವತಿ. "ಅಹಮದಾಬಾದಿನಲ್ಲಿ ಎಲ್ಲಿಸ್ ಬ್ರಿಜ್ ದಾಟಿದರೆ ಒಂದು ಆಸ್ಪತ್ರೆ ಇದೆ. ನಮ್ಮತ್ತೆಗೆ ಪಿತ್ತಕೋಶದ ಕಲ್ಲು ತೆಗೆದರು. ಆ ಸರ್ಜನ್ ಮಜಮುದಾರ್ ಅಂತ. ಒರಟು ಮನುಷ್ಯ, ಆದರೆ ಕೇಳಿ ತಿಳಕೋತಾರೆ."

ಅರವತ್ತೇಳರ ಚಳಿಗಾಲದ ಮೊದಲಿಗೆ ನಾಲ್ಕನೆಯದು ಬಂತು. ಈ ಸಲ ಜ್ವರವನ್ನೂ ಜೊತೆಗೆ ಕರೆತಂದಿತ್ತು. ನಾಲ್ಕು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಭಾವನಿಗೆ ತಂತಿ ಹೋಯಿತು. ಅವರ ಉತ್ತರವೂ ಬಂತು: ಸೂರತ್ತಿಗೆ ಕರೆದುಕೊಂಡು ಹೋಗು, ಆ ವೈದ್ಯನ ಕೈಗುಣ ಒಳ್ಳೆಯದಿದೆ. ಹೋಟೆಲಿನ ಮ್ಯಾನೇಜರ್ ಸೂರತ್ತಿಗೆ ಎರಡು ಟಿಕೇಟು ತಂದು ಕೊಟ್ಟು, ನಮ್ಮನ್ನು ಸ್ಟೇಶನ್ನಿಗೆ ಬಿಟ್ಟು ಹೋದ. ಸೂರತ್ತಿಗೆ ಹೋಗುವ ಗಾಡಿ ತಡವಿತ್ತು. ಎದುರು ಪ್ಲಾಟ್‌ಫಾರ್ಮಿನಲ್ಲಿ ಅಹಮದಾಬಾದಿನ ಗಾಡಿ ನಿಂತಿತ್ತು. ನಾನು ಹಾಸಿಗೆಯ ಗಂಟನ್ನು ಕೂಲಿಯ ತಲೆಗೆ ಹೊರಿಸಿ, ಇವರ ರಟ್ಟೆ ಹಿಡಿದು ಸೇತುವೆ ಹತ್ತಿಸಿದೆ.

"ಎಲ್ಲಿಗೆ? ಇದು ಅಣ್ಣನ ಊರಿನ ಗಾಡಿ" ಎಂದರು.

"ಅಣ್ಣನ ಊರಿನಲ್ಲಿ ಆಸ್ಪತ್ರೆಯೂ ಉಂಟು."

"ಅಣ್ಣನಿಗೆ ಹೇಳ್ಲಿಲ್ಲ ನಾವು."

"ನೀವು ಸತ್ರೆ ಅದನ್ನೂ ಅವರಿಗೆ ಹೇಳಿಯೇ ಸಾಯ್ತೀರಾ?" ಎಂದೆ. ಕಟುವಾಯಿತು, ನನಗೆ ಗೊತ್ತು. ಆದರೆ ಹಾಗೆಂದ ಮೇಲೆಯೇ ಅವರು ನನ್ನ ಹಿಂದೆ ಬಂದದ್ದು.

ಮಜಮುದಾರ್ ಡಾಕ್ಟರು ಬಿಳಿ ಮೀಸೆಯ, ಮುಖ ಗಂಟಿಕ್ಕಿಕೊಂಡ ಮನುಷ್ಯ. ನಾವು ಅವರ ಕೋಣೆಯ ಹೊರಗೆ ಕಾಯುತ್ತಿದ್ದಾಗಲೇ ದೊಡ್ಡ ಭಾವ ಓಡಿ ಬಂದರು. ಮಂಚ ಕೊಡುವ ಮೊದಲು ಆ ಊರಿನ ಸಂಬಂಧಿಕರು ಯಾರೆಂದು ಕೇಳಿ ಆಸ್ಪತ್ರೆಯವರೇ ಹೇಳಿ ಕಳಿಸಿದ್ದರು. ನನ್ನ ಕಡೆ ಒಂದು ನೋಟ ಬೀರಿ, ತಮ್ಮನನ್ನು ಕರೆದುಕೊಂಡು ಒಳಗೆ ನಡೆದರು. ನಾನೂ ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹಿಂದಿಯಲ್ಲಿ, ಈ ಮೊದಲು ಹೀಗಾಗಿತ್ತೇ ಎಂದು ಕೇಳಿದರು.

"ಇಲ್ಲ ಸಾಹೇಬ್, ಇದೇ ಮೊದಲು" ಎಂದರು ಭಾವ. ನನ್ನ ಗಂಡ, ಜ್ವರದಲ್ಲಿ ಬೇಯುತ್ತಿದ್ದ ಆ ಮನುಷ್ಯ, ರೂಢಿಯಂತೆ ತಲೆಯಾಡಿಸಿದರು.

"ಸುಳ್ಳು" ಎಂದೆ ನಾನು. "ಇದು ನಾಲ್ಕನೇದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಭಾವನನ್ನು ಹೊರಗೆ ಕಳಿಸಿ ನನ್ನನ್ನು ಕೂರಿಸಿದರು. ಹೇಗೆ ಬಂತು, ಹೇಗೆ ಹೋಯಿತು, ನೋವಿತ್ತೇ, ಮಲದ ಬಣ್ಣ ಹೇಗಿತ್ತು ಎಂದು ಕೇಳಿದರು. ನಾನು ಹೇಳಿದೆ. ಹಳದಿ ಏರಿದಾಗ ಮಲ ಸುಣ್ಣದ ಬಣ್ಣಕ್ಕೆ ಬರುತ್ತಿತ್ತು, ಇಳಿಯುವ ಮೊದಲು ಒಂದು ದಿನ ಇದ್ದಕ್ಕಿದ್ದಂತೆ ಬಣ್ಣ ಬರುತ್ತಿತ್ತು, ಆಮೇಲೆ ತುರಿಕೆ ನಿಲ್ಲುತ್ತಿತ್ತು. ಅವರು ಕೇಳುತ್ತ ಕೇಳುತ್ತ ಸಿಟ್ಟಾದರು. ಸೋಂಕಿನ ಕಾಮಾಲೆ ನಾಲ್ಕು ಸಲ ಬರುವುದಿಲ್ಲ, ಕಲ್ಲಾಗಿದ್ದರೆ ಇವನು ನೋವಿಗೆ ಕೂಗಿಕೊಳ್ಳುತ್ತಿದ್ದ. ಪಿತ್ತದ ನಾಳದೊಳಗೆ ಏನೋ ಇದೆ, ಅದು ತಾನೇ ಅಡ್ಡ ಬರುತ್ತಿದೆ, ತಾನೇ ಸರಿಯುತ್ತಿದೆ ಎಂದರು. "ಮೂರು ವರ್ಷ ಏನು ಮಾಡುತ್ತಿದ್ದಿರಿ?" ಎಂದರು.

"ರೈಲಿನಲ್ಲಿ ತಿರುಗುತ್ತಿದ್ದೆವು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸಿ ಹೇಳಿದ ಮೇಲೆ ಊರಿನ ಹೆಸರುಗಳ ಸಮೇತ ಎಲ್ಲವನ್ನೂ ಬರೆದುಕೊಂಡರು.

ಜ್ವರ ಇಳಿಯಲಿಕ್ಕೆ ಮದ್ದು ಕೊಟ್ಟು, ಆಪರೇಶನ್ನಿನ ದಿನ ಬೆಳಿಗ್ಗೆ ಉದ್ದದ ಸೂಜಿಯಿಂದ ಲಿವರಿನೊಳಗೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೆದರು. ಒಂದು ಕವಲೊಡೆದ ನಾಳ, ಅದರೊಳಗೆ ಅಲ್ಲಲ್ಲಿ ಇಲಿ ಕಡಿದ ಹಾಗೆ ಖಾಲಿ ಖಾಲಿ. ಅಂದೇ ಹೊಟ್ಟೆ ತೆರೆದರು. ಮಧ್ಯಾಹ್ನ ಮೀರಿದ ಮೇಲೆ ಡಾಕ್ಟರು ಹೊರಗೆ ಬಂದು, ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕುಳಿತು ಹೇಳಿದರು. ನಾಳದ ಒಳಗೋಡೆಯ ತುಂಬ ಹೂಕೋಸಿನಂಥ ಮೆತ್ತನೆಯ ಸಣ್ಣ ಸಣ್ಣ ಗೆಡ್ಡೆಗಳು. ಬಹಳ ಅಪರೂಪದ್ದು. ಅವರು ಪುಸ್ತಕದಲ್ಲಿ ಓದಿದ್ದರೇ ಹೊರತು ಕಣ್ಣಾರೆ ನೋಡಿರಲಿಲ್ಲ. ಆ ಗೆಡ್ಡೆಗಳು ಲೋಳೆ ಸುರಿಸುತ್ತವೆ. ಲೋಳೆ ಕಟ್ಟಿಕೊಂಡರೆ ಕಾಮಾಲೆ. ಲೋಳೆ ಜಾರಿ ಹೋದರೆ ಗುಣ. ಯಾರ ಮದ್ದಿನಿಂದಲೂ ಅಲ್ಲ.

ಭಾವ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. "ಪೂರಾ ತೆಗೆದ್ರಾ ಸಾಹೇಬ್?" ಎಂದರು.

"ಮೊದಲಿಗೇ ಬಂದಿದ್ದರೆ ಬಹುಶಃ ಒಂದೇ ಕಡೆ ಇದ್ದಿರಬಹುದು, ಆ ತುಂಡನ್ನೇ ಕತ್ತರಿಸಿ ಹಾಕುತ್ತಿದ್ದೆ" ಎಂದರು ಡಾಕ್ಟರು. "ಈಗ ಲಿವರಿನ ಎರಡೂ ಕವಲಿಗೆ ಹತ್ತಿದೆ. ಒಂದು ಕಡೆ ಕೆಟ್ಟ ಜಾತಿಗೆ, ಕ್ಯಾನ್ಸರಿಗೆ, ತಿರುಗಿದ ಹಾಗಿದೆ. ಕೈಗೆ ಸಿಕ್ಕಷ್ಟನ್ನು ಕೆರೆದಿದ್ದೇನೆ. ರಬ್ಬರ್ ನಳಿಗೆ ಇಟ್ಟಿದ್ದೇನೆ. ಅದು ಮತ್ತೆ ಬೆಳೆಯುತ್ತದೆ."

ಎಚ್ಚರಾದ ಮೇಲೆ ನನ್ನ ಗಂಡನಿಗೆ ಲೋಳೆಯ ವಿಷಯವಷ್ಟೇ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ನಮ್ಮ ಬರೋಡಾದ ಮೋರಿ ಹಾಗೆಯೇ ಅಲ್ವಾ. ಗಂಜಿ ಕಟ್ತದೆ, ಒಂದು ಕೊಡ ನೀರು ಹೊಯ್ದ್ರೆ ಹೋಗ್ತದೆ" ಎಂದರು. ಅವರಿಗೆ ಅದು ಸಮಾಧಾನದ ಸಂಗತಿ ಎನಿಸಿತು. ಉಳಿದದ್ದನ್ನು ಡಾಕ್ಟರೇ ಹೇಳಲಿ ಎಂದು ನಾನು ಬಿಟ್ಟೆ. ಡಾಕ್ಟರು ಎರಡು ದಿನ ಬಿಟ್ಟು ಹೇಳಿದರು. ಅದಾದ ಮೇಲೆ ನನ್ನ ಗಂಡ ಮೋರಿಯ ಮಾತು ಎತ್ತಲಿಲ್ಲ.

ಭಾವ ಮಾತ್ರ ಬದಲಾಗಲಿಲ್ಲ. ಬಂದವರಿಗೆಲ್ಲ "ಕಲ್ಲಿತ್ತು, ತೆಗೆದ್ರು" ಎಂದು ಹೇಳುತ್ತಿದ್ದರು. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರೆ. ಆದರೆ ತೂತು ಕಾಣದ ಹಾಗೆ ದೋಸೆ ಮಡಚುವುದರಲ್ಲಿ ನಮ್ಮ ಭಾವನನ್ನು ಮೀರಿಸಿದವರಿಲ್ಲ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಖರ್ಚೆಲ್ಲ ಅವರದೇ. ದಿನಾ ಬೆಳಿಗ್ಗೆ ತಾವೇ ಗಂಜಿ ತರುತ್ತಿದ್ದರು, ತಮ್ಮನ ಕಾಲೊತ್ತುತ್ತಿದ್ದರು. ಅದನ್ನು ನೋಡಿದಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು. ದುಷ್ಟನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ನಳಿಗೆ ತೊಳೆಸಿಕೊಳ್ಳಲು ಆಸ್ಪತ್ರೆಗೆ ಹತ್ತಿರವೆಂದು ಅಹಮದಾಬಾದಿನಲ್ಲೇ, ಹೋಟೆಲಿನ ಮೇಲಿನ ಮಹಡಿಯಲ್ಲಿ ಉಳಿದೆವು. ಕೆಲವು ತಿಂಗಳು ಚೆನ್ನಾಗಿದ್ದರು. ನಳಿಗೆ ತೆಗೆದರು. ಮುಖಕ್ಕೆ ಸ್ವಲ್ಪ ರಕ್ತ ಬಂತು. ಮಹಡಿಯ ಕಿಟಕಿಯಿಂದ ಕೆಳಗೆ ಬಂದು ಹೋಗುವವರನ್ನು ನೋಡುತ್ತ, ಅವನು ವಟ್ವಾದ ಬಣ್ಣದ ಕಾರ್ಖಾನೆಯವನು, ಕೈ ನೋಡು ನೀಲಿ, ಇವನು ಬ್ಯಾಂಕಿನವನು ಎನ್ನುತ್ತಿದ್ದರು. ಒಂದು ಸಲ ಗಲ್ಲಾದಲ್ಲಿ ಕೂರಲೇ ಎಂದು ಅಣ್ಣನನ್ನು ಕೇಳಿದರು. "ಪೂರಾ ಗುಣ ಆಗ್ಲಿ ಮಾರಾಯ" ಎಂದರು ಅಣ್ಣ.

ಹೋಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ಬಾಚಣಿಗೆಯಿಂದ ಅಂಗೈ ಕೆರೆದುಕೊಳ್ಳುತ್ತಿದ್ದುದನ್ನು ಕಂಡೆ. ವಾರದೊಳಗೆ ಕಣ್ಣು ತುಂಬ ಅರಿಶಿನ. ಮಜಮುದಾರ್ ನೋಡಿ, ಇನ್ನು ಮತ್ತೆ ಹೊಟ್ಟೆ ತೆರೆದು ಪ್ರಯೋಜನವಿಲ್ಲ, ತುರಿಕೆಗೆ ಮದ್ದು ಕೊಡುತ್ತೇನೆ ಎಂದರು. ಅಂದು ಸಂಜೆ ಭಾವ ಮೇಲೆ ಬಂದು, ಗೋಡೆ ನೋಡುತ್ತ ಹೇಳಿದರು:

"ಸೂರತ್ತಿಗೆ ಹೇಳಿಯಾಗಿದೆ. ನಾಳೆ ಬೆಳಗಿನ ಗಾಡಿಗೆ. ಇಲ್ಲಿ ಮೆಟ್ಟಿಲು ಹತ್ತಿ ಇಳಿಯುದು ಎಲ್ಲರಿಗೂ ಕಾಣ್ತದೆ."

ನಾನು ಆಗಲಿ ಎಂದೆ. ಜಗಳಕ್ಕೆ ನನ್ನಲ್ಲಿ ಶಕ್ತಿಯಿರಲಿಲ್ಲವೆಂದು ಅವರು ತಿಳಿದಿರಬೇಕು.

ಬೆಳಿಗ್ಗೆ ಇವರಿಗೆ ಬಿಸಿನೀರಿನಲ್ಲಿ ಸ್ನಾನ ಮಾಡಿಸಿದೆ. ಗಡ್ಡ ತೆಗೆದೆ. ಇಸ್ತ್ರಿಯ ಬಿಳಿ ಷರಟು ತೊಡಿಸಿದೆ. ಬಿಳಿಯ ಮೇಲೆ ಆ ಹಳದಿ ಇನ್ನೂ ಎದ್ದು ಕಂಡಿತು. ಅಂಗಾರ ಅಕ್ಷತೆ ಇಟ್ಟುಕೊಳ್ಳಿ ಎಂದೆ. ಪ್ರಯಾಣಕ್ಕೆ ಎಂದುಕೊಂಡು ಇಟ್ಟುಕೊಂಡರು. ಭಾವ ಒಳಗೆ ಪೂಜೆಗೆ ಕೂತಿದ್ದರು. ಅವರ ಪೂಜೆ ಮುಗಿಯುವವರೆಗೆ ಗಲ್ಲಾವನ್ನು ಮ್ಯಾನೇಜರ್ ನೋಡಿಕೊಳ್ಳುತ್ತಿದ್ದ. ನಾನು ಇವರನ್ನು ಹಿಡಿದುಕೊಂಡು ಮೆಟ್ಟಿಲಿಳಿಸಿ, ಬೀದಿಯ ಕಡೆ ಹೋಗುವ ಬದಲು ಹೋಟೆಲಿನೊಳಗೆ ನಡೆಸಿ, ಮ್ಯಾನೇಜರನನ್ನು ಏಳಿಸಿ, ಗಲ್ಲಾದಲ್ಲಿ ಕೂರಿಸಿದೆ.

"ಬೇಡ" ಎಂದರು. "ಅಣ್ಣನ ಅನ್ನ ಕಸಿದ ಹಾಗೆ ಆಗ್ತದೆ. ಇವರೆಲ್ಲ ಎದ್ದು ಹೋಗ್ತಾರೆ."

"ಹೋಗ್ಲಿ. ನೋಡಿಯೇ ಬಿಡುವ" ಎಂದೆ.

ಹೋಟೆಲು ತುಂಬಿತ್ತು. ಆಫೀಸಿಗೆ ಹೋಗುವವರ ಹೊತ್ತು. ಪೂಜೆ ಮುಗಿಸಿ ಬಂದ ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಿಟ್ಟರು. ಗಿರಾಕಿಗಳೆದುರು ದನಿ ಎತ್ತಬಾರದು ಎಂಬುದು ಅವರದೇ ಕಟ್ಟಳೆ. ನಾನು ನೀರಿನ ಹಂಡೆಯ ಬಳಿ ನಿಂತೆ. ಮೊದಲನೆಯವನು ಬಂದ. ನೋಟು ಕೊಟ್ಟ. ಇವರು ಚಿಲ್ಲರೆ ಕೊಟ್ಟರು. ಅವನು ಅದನ್ನು ಜೇಬಿಗೆ ಹಾಕಿ, ತಟ್ಟೆಯಿಂದ ಸೋಂಪು ತೆಗೆದು ಬಾಯಿಗೆಸೆದುಕೊಂಡು ಹೋದ. ಮುಖ ನೋಡಲೇ ಇಲ್ಲ. ಎರಡನೆಯವನೂ ಹಾಗೆಯೇ. ಒಬ್ಬ ಮುದುಕ ಗುಮಾಸ್ತ ಮಾತ್ರ ನಿಂತು, ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿದ.

"ಘಣಾ ದಿವಸೇ ದೇಖಾಯಾ, ಶೇಠ್" ಎಂದ, ಬಹಳ ದಿನಕ್ಕೆ ಕಂಡಿರಿ ಎಂದು. "ಕಮಳೋ ಥಯೋ? ನನ್ನ ಅಳಿಯನಿಗೂ ಕಾಮಾಲೆಯಾಗಿತ್ತು. ಕಬ್ಬಿನ ಹಾಲು ಕುಡಿಯಿರಿ." ಹಾಗೆಂದವನು ಹೋಗಲಿಲ್ಲ. ಮತ್ತೆ ಒಳಗೆ ಹೋಗಿ ಕೂತು ಇನ್ನೊಂದು ಕಾಫಿ ತರಿಸಿದ.

ಯಾರೂ ಎದ್ದು ಹೋಗಲಿಲ್ಲ. ತಟ್ಟೆಗಳು ಬಂದವು, ಹೋದವು. ಇಡ್ಲಿಯ ಹಿಟ್ಟು ಎಂದಿನ ಹೊತ್ತಿಗೇ ಮುಗಿಯಿತು. ಅವಸರ ತಗ್ಗಿದ ಮೇಲೆ ಭಾವ ಮೆಲ್ಲಗೆ ಬಂದು, ಖಾಲಿಯಾದ ಮೇಜುಗಳನ್ನೆಲ್ಲ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟರು. ಅವರ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ನೆಮ್ಮದಿಯಿತ್ತು.

"ಎಂತದೂ ಆಗ್ಲಿಲ್ಲ ಅಲ್ವಾ" ಎಂದರು. "ಹಾಗಾದ್ರೆ ನಾಳೆಯೂ ಕೂರ್ಲಿ. ಸೂರತ್ತು ಬೇಡ."

ನನ್ನ ಗಂಡ ಸೋಂಪಿನ ತಟ್ಟೆಯನ್ನು ಸರಿಯಾಗಿ ಇಟ್ಟರು. ಮಹಡಿ ಹತ್ತುವಾಗ ನಡುವೆ ನಿಂತು, ಗೋಡೆಗೆ ಒರಗಿ, "ಒಬ್ಬರೂ ಏಳ್ಲಿಲ್ಲ, ಸುಶೀಲಾ" ಎಂದರು. ಮತ್ತೆ ಅದನ್ನೇ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು, ಅದು ಸಂತೋಷದ್ದಲ್ಲ.

ಅವರಿಗೆ ನಾನು ಹೇಳದೆ ಉಳಿದ ಮಾತೊಂದಿದೆ. ಆ ಬೆಳಿಗ್ಗೆ ಹಂಡೆಯ ಬಳಿ ನಿಂತು ನಾನು ಕೃಷ್ಣನ ಪಟ ನೋಡುತ್ತ ಬೇಡಿಕೊಂಡದ್ದು ಒಂದೇ: ಒಬ್ಬನಾದರೂ ಈ ಮುಖ ನೋಡಿ, ಅರ್ಧ ಇಡ್ಲಿ ಬಿಟ್ಟು, ಎದ್ದು ಹೋಗಲಿ. ಒಬ್ಬನೇ ಸಾಕು. ಹಾಗೊಬ್ಬ ಎದ್ದಿದ್ದರೆ, ನನ್ನ ಗಂಡ ಯಾವುದಕ್ಕಾಗಿ ಸಾಯುತ್ತಿದ್ದಾರೆಂದಾದರೂ ನನಗೆ ಗೊತ್ತಾಗುತ್ತಿತ್ತು.